ಅಲಮೂತಿನವರು ಎದುರು ಮನೆಯಲ್ಲಿದ್ದರು

ಈ ರಜೆಯಲ್ಲಿ ಅಲಸಂಡೆ ಮುರಿಯುತ್ತ ಕುಳಿತು ನಾನು ಎಷ್ಟು ಕೊಲೆ ನೋಡಿದೆನೋ, ನನಗೇ ನೆನಪಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ಮಿಂದು, ದೇವರ ಮುಂದೆ ದೀಪ ಇಟ್ಟು, ತುಳಸಿಗೆ ನೀರೆರೆದು, ಬಾಯಲ್ಲಿ ಕೊಲ್ಲೂರಿನ ಅಮ್ಮನ ನಾಮ ಇಟ್ಟುಕೊಂಡೇ ಒಲೆಯ ಬುಡಕ್ಕೆ ಹೋಗುವವಳು ನಾನು. ಅಂಥವಳು ಹತ್ತು ಗಂಟೆಯ ಹೊತ್ತಿಗೆ ಮೊರ ಹಿಡಿದು ಮಗಳ ಬೆನ್ನ ಹಿಂದೆ ಕುಳಿತು, ‘ಅವ ಗೋಡಿ ಹಿಂದ್ ಇದ್ದ ಕಾಣ್, ಬಿಡ್ಬೇಡ’ ಎಂದು ಹೇಳಿಕೊಡುತ್ತೇನೆ ಎಂದರೆ ನಂಬುವವರು ಯಾರು? ಆದರೆ ನಡೆದದ್ದು ಹಾಗೆಯೇ. ಒಮ್ಮೆಯಂತೂ ಕಾವಲುಗಾರನೊಬ್ಬ ಸಿಕ್ಕಿಬಿದ್ದ ಸಂಭ್ರಮದಲ್ಲಿ ಮುರಿದ ಅಲಸಂಡೆಯನ್ನು ಕಸಕ್ಕೆ ಹಾಕಿ, ತುದಿ ನಾರನ್ನು ಪಾತ್ರೆಗೆ ಹಾಕಿದ್ದೆ.

ಮಗಳು ಶ್ರಾವ್ಯ ಕುಂದಾಪುರದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಾಳೆ. ಇತಿಹಾಸ ಅವಳ ವಿಷಯ. ಓದಿಗೆಂದು ತೆಗೆಸಿಕೊಂಡ ಲ್ಯಾಪ್‌ಟಾಪಿನಲ್ಲಿ ಯಾವಳೋ ಗೆಳತಿ ಈ ಆಟವನ್ನು ಹಾಕಿಕೊಟ್ಟಿದ್ದಳು. ಹಳೆಯ ಆಟವಂತೆ. ನನಗೇನು, ಹಳೆಯದಾದರೂ ಹೊಸದೇ. ಎಂಟುನೂರು ವರ್ಷಗಳ ಹಿಂದಿನ ದಮಾಸ್ಕಸ್, ಜೆರುಸಲೇಮ್ ಊರುಗಳು. ಅಲ್ಲಿನ ಸಂತೆ, ಮಸೀದಿಯ ಗುಮ್ಮಟ, ನೀರು ಹೊತ್ತ ಹೆಂಗಸರು. ಇವರೆಲ್ಲರ ನಡುವೆ ಬಿಳಿ ನಿಲುವಂಗಿ ತೊಟ್ಟು, ತಲೆಯ ಮೇಲೆ ಮಳೆಗಾಲದ ಕೊಪ್ಪೆಯಂತೆ ಮುಸುಕೆಳೆದುಕೊಂಡ ಒಬ್ಬ. ಮುಂಗೈಯೊಳಗೆ ಅಡಗಿಸಿಟ್ಟ ಕತ್ತಿ. ಅವನು ಒಂದು ಪಂಥದವನು. ಆ ಪಂಥಕ್ಕೆ ಗುಡ್ಡದ ಮೇಲೊಂದು ಕೋಟೆ, ಕೋಟೆಯಲ್ಲೊಬ್ಬ ಮುದುಕ ಯಜಮಾನ. ಮುದುಕ ಹೇಳಿದವರನ್ನು ಇವನು ಹೋಗಿ ಮುಗಿಸಿ ಬರಬೇಕು. ಮುಗಿಸಿದ ಮೇಲೆ ಎತ್ತರದ ಗೋಪುರ ಹತ್ತಿ, ಅಲ್ಲಿಂದ ಕೈ ಚಾಚಿ ಹಾರಿ, ಕೆಳಗಿರುವ ಹುಲ್ಲಿನ ಗಾಡಿಗೆ ಬಿದ್ದು, ಮೈ ಕೊಡವಿ ಎದ್ದು ಹೋಗಿಬಿಡುತ್ತಾನೆ.

ಇಲ್ಲಿ ನನಗೆ ಮೊದಲ ತಕರಾರು ಬಂತು. ಕೊಲೆಯ ವಿಷಯ ನನಗೆ ತಿಳಿಯದು. ಹುಲ್ಲಿನ ವಿಷಯ ತಿಳಿದಿದೆ. ಗುಲ್ವಾಡಿಯ ನನ್ನ ತಾಯಿಮನೆಯಲ್ಲಿ ಕೊಟ್ಟಿಗೆಯ ಪಕ್ಕದಲ್ಲೇ ಹುಲ್ಲಿನ ಬಣವೆ, ನಾವು ಕುತ್ರಿ ಎನ್ನುವುದು, ಇರುತ್ತಿತ್ತು. ಏಳನೇ ಕ್ಲಾಸಿನಲ್ಲಿದ್ದಾಗ ನಾನು ಕೊಟ್ಟಿಗೆಯ ಮಾಡು ಹತ್ತಿ, ಯಾರೋ ಹಾರಲಾರೆ ಎಂದು ಅಣಕಿಸಿದ್ದಕ್ಕೆ, ಕುತ್ರಿಯ ಮೇಲೆ ಹಾರಿಯೂ ಬಿಟ್ಟೆ. ಕಾಲು ಉಳುಕಿ ಹದಿನೈದು ದಿನ ಶಾಲೆಗೆ ಹೋಗಲಿಲ್ಲ. ಮೈಯೆಲ್ಲ ತುರಿಕೆ ಎದ್ದು ಅಮ್ಮ ತೆಂಗಿನೆಣ್ಣೆ ಹಚ್ಚಿ ಬೈದದ್ದು ಬೇರೆ. ಕೊಟ್ಟಿಗೆಯ ಮಾಡಿನಿಂದ ಬಿದ್ದವಳ ಗತಿ ಇದು. ಗೋಪುರದಿಂದ ಬಿದ್ದವನು ತುರಿಸಿಕೊಳ್ಳುವುದೂ ಇಲ್ಲ ಎಂದರೆ?

ಎರಡನೇ ತಕರಾರು ಇನ್ನೂ ದೊಡ್ಡದು. ಒಂದು ವಾರ ನೋಡಿದ ಮೇಲೆ ಮಗಳನ್ನು ಕೇಳಿದೆ.

‘ಅಲ್ಲ ಮಗಾ, ಇದ್ ಧರ್ಮದ ಪಂಥ ಅಂತೆ. ಇಷ್ಟ್ ದಿನ ಆಯ್ತ್, ಒಬ್ಬನಾರೂ ಪ್ರಾರ್ಥನೆ ಮಾಡುದ್ ಕಂಡಿಲ್ಯಲೆ?’

‘ಆಟ ಅಲ್ದನಮ್ಮ.’

‘ಆಟ ಆರೂ ಊಟ ಬೇಡ್ದಾ? ಅಷ್ಟ್ ದೊಡ್ ಕೋಟೆಯಗೆ ಒಂದ್ ಅಡ್ಗಿ ಮನಿ ಇಲ್ಲೆ.’

‘ನೀ ಒಂದ್ ಆಟ ಮಾಡಮ್ಮ. ಅದ್ರಗೆ ಎಲ್ಲರೂ ದೋಸಿಗೆ ಅಕ್ಕಿ ಕಡೀಲಿ.’

ಮಗಳ ಕುಶಾಲು ಹಾಗಿರಲಿ. ದೇವರನ್ನು ನಂಬಿದವರ ಮನೆಗೆ ಹೋದರೆ ಮೊದಲು ಕಾಣುವುದು ಅವರ ನಂಬಿಕೆಯಲ್ಲ, ಅವರ ಹೊತ್ತುಗಳು. ಬೆಳಿಗ್ಗೆ ಇಂಥ ಕೆಲಸ, ಸಂಜೆ ಇಂಥ ಕೆಲಸ, ಇಂಥ ದಿನ ಇದು ತಿನ್ನುವುದಿಲ್ಲ, ಇಂಥ ದಿನ ಅದು ಮಾಡುವುದಿಲ್ಲ. ಆ ಮುಸುಕಿನವನಿಗೆ ಹೊತ್ತೇ ಇರಲಿಲ್ಲ. ಇಂಥ ಪಂಥ ನಿಜಕ್ಕೂ ಇತ್ತೇ ಎಂದು ಕೇಳಿದ್ದಕ್ಕೆ ಶ್ರಾವ್ಯ ಆಟ ನಿಲ್ಲಿಸಿ ಹೇಳಿದಳು.

‘ಇತ್ತಮ್ಮ. ಇರಾನಿನ ಗುಡ್ಡಿ ಮೇಲ್ ಅಲಮೂತ್ ಅಂದೇಳಿ ಕೋಟೆ ಇತ್ತಂಬ್ರ್. ಸಿರಿಯಾದಗೂ ಇತ್ತಂಬ್ರ್. ನಿಜಾರಿ ಇಸ್ಮಾಯಿಲಿ ಅಂದೇಳಿ ಅವ್ರ್ ಹೆಸ್ರ್.’

ಮೊರ ನನ್ನ ಕೈಯಿಂದ ಜಾರಲಿಲ್ಲ, ಆದರೆ ಕೈ ನಿಂತುಹೋಯಿತು. ಇಸ್ಮಾಯಿಲಿ. ಆ ಮಾತನ್ನು ನಾನು ಕೇಳಿದ್ದೆ. ಬೇರೆಲ್ಲೂ ಅಲ್ಲ, ಗುಲ್ಶನ್ ಭಾಭಿಯ ಬಾಯಿಂದ.

ಮದುವೆಯಾದ ಹೊಸದರಲ್ಲಿ ನಾವು ಮುಂಬೈಯಲ್ಲಿದ್ದೆವು. ಇವರು ಹೋಟೆಲೊಂದರ ಕ್ಯಾಶಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಮಜ್‌ಗಾಂವಿನ ಬದಿ ಹಳೆಯ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಒಂದು ಕೋಣೆ ನಮ್ಮದು. ಎದುರಿನ ಬಾಗಿಲು ಭಾಭಿಯದು. ಹನ್ನೊಂದು ವರ್ಷ ನಾವಿಬ್ಬರೂ ಆ ಎರಡು ಬಾಗಿಲುಗಳನ್ನು ಮುಚ್ಚಿದ್ದು ಕಡಿಮೆ. ನನಗೆ ಹಿಂದಿ ಕಲಿಸಿದ್ದು ಅವರು. ಮಿಕ್ಸಿ ಕೊಟ್ಟದ್ದು ಅವರು. ನಾನು ಊರಿಂದ ತಂದ ಕೊಲ್ಲೂರಿನ ಪಂಚಕಜ್ಜಾಯವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೊದಲು ಕಣ್ಣಿಗೆ ಒತ್ತಿಕೊಂಡು, ಆಮೇಲೆ ಬಾಯಿಗೆ ಹಾಕಿಕೊಂಡವರು ಅವರು. ದಿನವೂ ಮುಸ್ಸಂಜೆ ಆಗುತ್ತಿದ್ದಂತೆ ಮುಖ ತೊಳೆದು, ಒಳ್ಳೆಯ ಬಟ್ಟೆ ಉಟ್ಟು, ಒಮ್ಮೊಮ್ಮೆ ಬಟ್ಟೆ ಮುಚ್ಚಿದ ತಟ್ಟೆಯೊಂದನ್ನು ಹಿಡಿದು ಮೆಟ್ಟಿಲಿಳಿದು ಹೋಗುತ್ತಿದ್ದರು. ಜಮಾತ್‌ಖಾನೆಗೆ, ಅಂದರೆ ಅವರ ಪ್ರಾರ್ಥನೆಯ ಮನೆಗೆ, ಎನ್ನುತ್ತಿದ್ದರು. ನಮ್ಮದು ಇಸ್ಮಾಯಿಲಿ ಖೋಜಾ ಪಂಥ ಎಂದು ಒಮ್ಮೆ ಹೇಳಿದ್ದರು. ನಾನು ಹೂಂ ಎಂದಿದ್ದೆ. ಬರುವಾಗ ಹಣ್ಣೋ, ಮುಠಿಯಾ ಎಂಬ ಗುಜರಾತಿ ತಿಂಡಿಯೋ ಏನಾದರೂ ತರುತ್ತಿದ್ದರು. ಅಲ್ಲಿ ಅರ್ಪಿಸಿದ್ದನ್ನು ಹರಾಜಿನಲ್ಲಿ ಹಿಡಿದು ತರುವುದಂತೆ, ನಮ್ಮ ಗಣಪತಿ ಪೆಂಡಾಲಿನ ಏಲಮಿನ ಹಾಗೆ. ಅದರಲ್ಲಿ ಒಂದು ಪಾಲು ನಮ್ಮ ಬಾಗಿಲಿಗೆ.

ಶ್ರಾವ್ಯ ಹುಟ್ಟುವ ದಿನ ಮಧ್ಯಾಹ್ನ ಮಳೆ. ಹೋಟೆಲಿಗೆ ಫೋನ್ ಹತ್ತಲಿಲ್ಲ. ಭಾಭಿಯೇ ಟ್ಯಾಕ್ಸಿ ನಿಲ್ಲಿಸಿ, ನನ್ನನ್ನು ಕೂರಿಸಿಕೊಂಡು ಹೊರಟರು. ನಾನು ಮೂಕಾಂಬಿಕೆ ಮೂಕಾಂಬಿಕೆ ಎನ್ನುತ್ತಿದ್ದೆ, ಅವರು ತುಟಿಯೊಳಗೇ ಇನ್ನೇನೋ ಹೇಳುತ್ತಿದ್ದರು. ಡ್ರೈವರ್ ತಿರುಗಿ ನೋಡಿ, ಇಬ್ಬರಲ್ಲಿ ಒಬ್ಬರದ್ದಾದರೂ ಸಿಗ್ನಲಿಗೆ ಕೇಳಿಸಲಿ ಎಂದ. ಸಿಗ್ನಲ್ ಬಿಟ್ಟಿತು. ದೇವರ ದಯೆ ಎಂದರೆ ನನ್ನ ಪಾಲಿಗೆ ಯಾವತ್ತೂ ಇಂಥದ್ದೇ: ಹೊತ್ತಿಗೆ ಸರಿಯಾಗಿ ಒಂದು ಹಸಿರು ದೀಪ, ಹಿಡಿಯಲು ಒಂದು ಕೈ. ದೊಡ್ಡದನ್ನು ನಾನು ಕೇಳಿದವಳೂ ಅಲ್ಲ.

ಊರಿಗೆ ಬಂದು, ಬಿಜೂರಿನ ಈ ಮನೆ ಸೇರಿ ಹದಿನಾಲ್ಕು ವರ್ಷ ಆಯಿತು. ಭಾಭಿಯ ಜೊತೆ ಮಾತು ತಪ್ಪಿಲ್ಲ. ಮೊಬೈಲಿನಲ್ಲಿ ಧ್ವನಿ ಕಳಿಸುವುದು ಬಂದ ಮೇಲಂತೂ ನಾವಿಬ್ಬರೂ ಅಡುಗೆ ಮಾಡುವುದೇ ಒಟ್ಟಿಗೆ. ಹಾಗಿರುವಾಗ ಆ ಮುಸುಕಿನವರು ಭಾಭಿಯ ಪೂರ್ವಿಕರ ಪಂಥದವರು, ಅಲಮೂತಿನ ನಿಜಾರಿಗಳ ಕಡೆಯವರೇ ನಮ್ಮ ಖೋಜಾಗಳು ಎಂದು ಶ್ರಾವ್ಯ ಓದಿ ಹೇಳಿದಾಗ ನನಗಾದ ಖುಷಿ ಹೇಳತೀರದು. ಟಿ.ವಿ.ಯಲ್ಲಿ ಗುರುತಿನವರ ಮನೆ ಕಂಡ ಹಾಗೆ. ಕೈ ಒರೆಸಿಕೊಂಡವಳೇ ಫೋನ್ ಹಿಡಿದು ನನ್ನ ಮುಂಬೈ ಹಿಂದಿಯಲ್ಲಿ ಹೇಳಿ ಕಳಿಸಿದೆ. ಅದರ ಕನ್ನಡ ಇಷ್ಟು: ‘ಏನು ಭಾಭಿ, ಹನ್ನೊಂದು ವರ್ಷ ಎದುರು ಬಾಗಿಲಲ್ಲಿ ಕೂತು ನನಗೆ ಢೋಕ್ಲಾ ತಿನ್ನಿಸಿದಿರಿ, ನೀವು ಕೊಲೆಗಾರರ ಕುಲ ಎಂದು ಒಂದು ಮಾತು ಹೇಳಲಿಲ್ಲವಲ್ಲ. ಕತ್ತಿ ಎಲ್ಲಿಟ್ಟಿದ್ದಿರಿ, ಮೈದಾ ಡಬ್ಬಿಯಲ್ಲೋ?’

ನಮ್ಮ ಕುಂದಾಪುರದ ಕಡೆಯವರ ಬುದ್ಧಿ ನಿಮಗೆ ಗೊತ್ತಲ್ಲ. ಪರಿಚಯವಿಲ್ಲದವರಿಗೆ ಮರ್ಯಾದೆ ಕೊಡುತ್ತೇವೆ, ಹತ್ತಿರದವರನ್ನು ಗೇಲಿ ಮಾಡುತ್ತೇವೆ. ಅಕ್ಕ ತಂಗಿ ಎರಡು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ, ‘ಹ್ವಾಯ್, ನೀ ಇನ್ನೂ ಸಾಯ್ಲಿಲ್ಯಾ’ ಎಂದೇ ಕೈ ಹಿಡಿದುಕೊಳ್ಳುವುದು. ಆ ಮಾತಿಗೆ ಇಲ್ಲಿ ನಗು ಬರುತ್ತದೆ. ನಾನು ಆ ಕುಶಾಲನ್ನು ಹಾಗೆಯೇ ಎತ್ತಿ ಹಿಂದಿಗೆ ಹಾಕಿ ಮುಂಬೈಗೆ ಕಳಿಸಿದೆ. ದಾರಿಯಲ್ಲಿ ನಗು ಉದುರಿಹೋಯಿತು. ತಲುಪಿದ್ದು ಬರೀ ಕತ್ತಿ.

ಎರಡು ಗೆರೆ ನೀಲಿಯಾದವು. ಭಾಭಿ ಅದನ್ನು ಕೇಳಿಸಿಕೊಂಡಿದ್ದರು. ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ.

ಮೂರನೇ ದಿನ ಶ್ರಾವ್ಯನಿಗೆ ನಾನು ಕಳಿಸಿದ್ದನ್ನು ಕೇಳಿಸಿದೆ. ಅವಳು ಕಣ್ಣು ಮುಚ್ಚಿಕೊಂಡಳು.

‘ಅಮ್ಮ, ನೀ ಕೊಲೆಗಾರ್ರ್ ಅಂದ್ಯಾ?’

‘ಕುಶಾಲಿಗ್ ಹೇಳದ್ದಲ್ದಾ.’

‘ಕುಶಾಲ್ ನಿಂಗೆ. ಅವ್ರ್ ಆ ಮಾತ್ ಹೊರ್ಗಿನವ್ರ್ ಬಾಯಗೆ ಎಷ್ಟ್ ಸಲ ಕೇಂಡಿರೋ ಏನೋ. ಇಗಣ ಕಾಲ್ದಗೆ ಒಬ್ಬ ಮುಸ್ಲಿಂ ಹೆಂಗ್ಸಿಗೆ ಹಾಂಗ್ ಹೇಳೂದಾ?’

ಮಗಳು ಹೇಳಿದ್ದು ಸರಿ. ನಮ್ಮ ಬಾಗಿಲಿಗೆ ಬಾರದ ಮಾತು ಅವರ ಬಾಗಿಲಿಗೆ ಬಂದಿರುತ್ತದೆ. ಹೊರಗಿನ ನೂರು ಬಾಯಿ ಹೇಳಿದ್ದನ್ನು ಅವರು ತಡೆದುಕೊಂಡಿರಬಹುದು, ಒಳಗಿನ ಒಂದು ಬಾಯಿ ಹೇಳಿದ್ದನ್ನು ಹೇಗೆ ತಡೆಯುವುದು? ಇಪ್ಪತ್ತೈದು ವರ್ಷದ ಸ್ನೇಹ ಅರ್ಧ ನಿಮಿಷದ ಧ್ವನಿಯಲ್ಲಿ ಹೋಯಿತೆಂದು ಅನಿಸಿತು. ಫೋನ್ ಮಾಡಲು ಕೈ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಹೆದರಿದವಳು ಮಾಡುವುದು ಇನ್ನೇನು? ಓದಲು ಕುಳಿತೆ. ಅಂದರೆ ಶ್ರಾವ್ಯ ಕಾಲೇಜಿನ ಗ್ರಂಥಾಲಯದಿಂದ ತಂದಿದ್ದ ಇಂಗ್ಲಿಷ್ ಪುಸ್ತಕವನ್ನು ನೋಡಿ ಹೇಳುತ್ತಿದ್ದಳು, ನಾನು ಅಂಗಳದಲ್ಲಿ ಹಪ್ಪಳ ಒಣಗಿಸುತ್ತ ಕೇಳುತ್ತಿದ್ದೆ.

ಕೇಳುತ್ತ ಹೋದರೆ ಎಲ್ಲವೂ ನಮ್ಮ ಮನೆಗಳದ್ದೇ ಕಥೆ. ಮೂಲದಲ್ಲಿ ಅದು ಅಣ್ಣ ತಮ್ಮಂದಿರ ತಕರಾರು. ಈಜಿಪ್ಟಿನ ದೊರೆ ತೀರಿಕೊಂಡ. ಆತ ಬರೀ ದೊರೆಯಲ್ಲ, ಆ ಪಂಥದವರಿಗೆ ಗುರುವೂ ಹೌದು. ಪೀಠ ಹಿರಿಯ ಮಗನಿಗೋ ಕಿರಿಯ ಮಗನಿಗೋ ಎಂದು ಜಗಳ. ಹಿರಿಯನ ಹಿಂದೆ ನಿಂತವರು ನಿಜಾರಿಗಳಾದರು. ಕಿರಿಯನ ಹಿಂದೆ ನಿಂತವರಲ್ಲಿ ಒಂದು ಕವಲು ನಮ್ಮ ದೇಶದ ಬೋಹ್ರಾಗಳು. ಇದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಮುಂಬೈಯಲ್ಲಿ ನಮ್ಮ ಕಟ್ಟಡದ ಕೆಳಗೆ ಕೀಲು ಚಿಲಕ ಮಾರುವ ಅಂಗಡಿ ಇತ್ತು. ಚಿನ್ನದ ಅಂಚಿನ ಬಿಳಿ ಟೊಪ್ಪಿಯ ಬೋಹ್ರಾ ಅಜ್ಜ ಅದರ ಯಜಮಾನ. ಭಾಭಿ ಅವರ ಹತ್ತಿರ ಚಿಲಕಕ್ಕೆ ಚೌಕಾಸಿ ಮಾಡುತ್ತಿದ್ದರು. ಒಂಬೈನೂರು ವರ್ಷದ ಹಿಂದೆ ಪಾಲಾದ ಮನೆಯ ಎರಡು ಕಡೆಯವರು ನನ್ನ ಮುಂದೆಯೇ ಚಿಲಕದ ಬೆಲೆ ಮಾತಾಡುತ್ತಿದ್ದರು, ನಾನು ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಹಿರಿಯನ ಪಕ್ಷದವರಿಗೆ ಸೈನ್ಯವಿರಲಿಲ್ಲ, ಸುತ್ತ ದೊಡ್ಡ ದೊಡ್ಡ ಸುಲ್ತಾನರಿದ್ದರು. ಹಾಗಾಗಿ ಗುಡ್ಡದ ಕೋಟೆಗಳನ್ನು ಸೇರಿಕೊಂಡರು. ಅವರು ಕೊಂದದ್ದು ಸುಳ್ಳೇ ಎಂದು ಕೇಳಿದರೆ, ಸುಳ್ಳಲ್ಲ. ತಮ್ಮ ಮೇಲೆ ದಂಡೆತ್ತಿ ಬರುವ ಮಂತ್ರಿಯನ್ನೋ ಸೇನಾಪತಿಯನ್ನೋ ಆರಿಸಿ ಕೊಂದರು. ಭಾಭಿಯ ಮೇಲಿನ ಪ್ರೀತಿಗೆ ನಾನು ಅದನ್ನು ಹೂವು ಎನ್ನಲಾರೆ. ಸತ್ತವನ ಮನೆಯಲ್ಲೂ ಒಬ್ಬ ಹೆಂಗಸು ಅನ್ನ ಮಾಡಿಟ್ಟು ಕಾಯುತ್ತಿದ್ದಿರಬೇಕು. ಆದರೆ ಆಟದಲ್ಲಿ ತೋರಿಸುವ ಹಾಗೆ ಅವಿತು ಕೊಂದು ಹಾರಿ ಹೋಗುತ್ತಿರಲಿಲ್ಲವಂತೆ. ಜನ ಸೇರಿದ ಕಡೆ, ಮಸೀದಿಯಲ್ಲೇ, ಹಗಲು ಹೊತ್ತಿನಲ್ಲೇ ಇರಿದು ಅಲ್ಲೇ ಸಿಕ್ಕಿ ಸಾಯುತ್ತಿದ್ದರಂತೆ. ಬಿಳಿ ಮುಸುಕಿನ ಸಮವಸ್ತ್ರ ಇರಲಿಲ್ಲ. ಗುರುತು ಸಿಗಬಾರದವನು ಸಮವಸ್ತ್ರ ಯಾಕೆ ತೊಡುತ್ತಾನೆ? ಹುಲ್ಲಿನ ಗಾಡಿಯಂತೂ ಇರಲೇ ಇಲ್ಲ. ಆ ವಿಷಯದಲ್ಲಿ ನಾನು ಹೇಳಿದ್ದು ಸರಿಯಾಯಿತೆಂದು ಸಣ್ಣ ಸಮಾಧಾನವಾಯಿತು.

ಇನ್ನು ಅಮಲಿನ ಕಥೆ. ಕೋಟೆಯ ಮುದುಕ ಹುಡುಗರಿಗೆ ಅಮಲು ತಿನ್ನಿಸಿ, ಸ್ವರ್ಗದಂಥ ತೋಟದಲ್ಲಿ ಬಿಟ್ಟು, ಮತ್ತೆ ಹೊರಗೆಳೆದು, ಸತ್ತರೆ ಇದೇ ಸ್ವರ್ಗ ಎಂದು ಕೊಲೆಗೆ ಕಳಿಸುತ್ತಿದ್ದ ಎಂಬುದು. ಇದನ್ನು ಜಗತ್ತಿಗೆ ಹಬ್ಬಿಸಿದ್ದು ದೂರದೇಶದ ಪ್ರವಾಸಿಗಳು, ಕ್ರೂಸೇಡ್ ಎಂಬ ಶಿಲುಬೆಯ ಯುದ್ಧಕ್ಕೆ ಬಂದವರು. ಅವರು ಆ ತೋಟ ಕಂಡವರಲ್ಲ. ಅದಕ್ಕೂ ಮೊದಲು ಆಗದವರು ಬೈಗುಳವಾಗಿ ಹಶೀಶಿಗಳು, ಅಂದರೆ ಭಂಗಿ ತಿನ್ನುವವರು, ಎಂದು ಕರೆದಿದ್ದರು. ಆ ಬೈಗುಳವೇ ಕಡೆಗೆ ಇಂಗ್ಲಿಷಿನಲ್ಲಿ ಕೊಲೆಗಾರನಿಗೆ ಅಸಾಸಿನ್ ಎಂಬ ಶಬ್ದವಾಯಿತಂತೆ. ಆ ಕೋಟೆಯನ್ನು ಮೊದಲು ವಶಮಾಡಿಕೊಂಡ ಮುಖಂಡನೋ ಮಹಾ ಕಟ್ಟುನಿಟ್ಟಿನ ಮನುಷ್ಯ. ಕುಡಿದ ಆರೋಪಕ್ಕೆ ಸ್ವಂತ ಮಗನಿಗೇ ಸಾವಿನ ಶಿಕ್ಷೆ ಕೊಟ್ಟ ಎನ್ನುತ್ತಾರೆ. ಅಂಥವನು ಊರ ಹುಡುಗರಿಗೆ ಅಮಲು ಹಂಚಿದನಂತೆ, ನಾವು ನಂಬಬೇಕಂತೆ. ತೋಟ ಇದ್ದದ್ದು ನಿಜ. ಬೋಳು ಕಣಿವೆಗೆ ನೀರಿನ ತೋಡು ತೆಗೆಸಿ ಗಿಡ ನೆಡಿಸಿದ್ದನಂತೆ. ಕಷ್ಟಪಟ್ಟು ನೀರು ಕಟ್ಟಿದ ತೋಟವನ್ನು ಕಂಡವರು ಅದನ್ನು ಮಾಯೆ ಎಂದರೆ, ಕಟ್ಟಿದವನ ಬೆನ್ನು ನೋವಿನ ಗತಿಯೇನು?

ನನ್ನ ಮನಸ್ಸು ನಿಂತದ್ದು ಬೇರೆ ಒಂದು ಸಂಗತಿಯಲ್ಲಿ. ಮುತ್ತಿಗೆ ಬಿದ್ದ ಕಾಲಕ್ಕೆ ಆ ಮುಖಂಡ ತನ್ನ ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ಬೇರೆ ಕೋಟೆಗೆ ಕಳಿಸಿದನಂತೆ. ಅಲ್ಲಿ ಅವರು ನೂಲು ನೂತು ಹೊಟ್ಟೆ ಹೊರೆದರಂತೆ. ಆಟದ ಯಾವ ಮೂಲೆಯಲ್ಲೂ ಆ ನೂಲುವ ಹೆಂಗಸರಿಲ್ಲ. ಅವರಿದ್ದಿದ್ದರೆ ಆ ಪಂಥ ಮನುಷ್ಯರದ್ದು ಎಂದು ನನಗೆ ಮೊದಲ ದಿನವೇ ತಿಳಿಯುತ್ತಿತ್ತು.

ಅಲಮೂತಿನಲ್ಲಿ ದೊಡ್ಡ ಗ್ರಂಥಭಂಡಾರ ಇತ್ತು, ನಕ್ಷತ್ರ ಲೆಕ್ಕ ಹಾಕುವ ಪಂಡಿತರಿದ್ದರು. ಮಂಗೋಲರು ಬಂದು ಕೋಟೆ ಕೆಡವಿ ಪುಸ್ತಕ ಸುಟ್ಟರು. ಗೆದ್ದವರ ಜೊತೆಯಲ್ಲಿದ್ದ ಒಬ್ಬ ಚರಿತ್ರೆಕಾರ ಕೆಲವು ಪುಸ್ತಕಗಳನ್ನು ಬೆಂಕಿಯಿಂದ ಆರಿಸಿ ತೆಗೆದ; ಆಮೇಲೆ ಆ ಕೋಟೆಯವರನ್ನೇ ಬೈದು ಬರೆದ. ಹೀಗೆ ಒಂದು ಮನೆಯ ಕಥೆ ಪೂರ್ತಿ ನೆರೆಮನೆಯ ಜಗಳಗಂಟರ ಕೈಗೆ ಹೋಯಿತು. ನಮ್ಮ ಮನೆಯ ಚರಿತ್ರೆಯನ್ನು ನಮ್ಮ ಆಚೆಮನೆಯವರು ಬರೆದರೆ ಹೇಗಿರುತ್ತದೆ ಎಂದು ಯೋಚಿಸಿದೆ. ಅದರಲ್ಲಿ ನಾನು ಬೇಲಿ ಒತ್ತುವವಳು ಮಾತ್ರ ಆಗಿರುತ್ತೇನೆ. ದೀಪ ಹಚ್ಚುವವಳು ಎಲ್ಲೂ ಇರುವುದಿಲ್ಲ.

ಉಳಿದವರು ತಲೆಮರೆಸಿಕೊಂಡರು. ಅವರ ಗುರುವೊಬ್ಬ ಜರಿ ಕೆಲಸದವನೆಂದು ಹೇಳಿಕೊಂಡು ಬದುಕಿದನಂತೆ. ಅವರ ಪೀರರು ಸಿಂಧ್, ಗುಜರಾತಿಗೆ ಬಂದು ಇಲ್ಲಿನ ವ್ಯಾಪಾರಿ ಜನರಿಗೆ ಇಲ್ಲಿಯ ಮಾತಿನಲ್ಲೇ ಹಾಡು ಕಟ್ಟಿ ಕೊಟ್ಟರು. ಗಿನಾನ್ ಎನ್ನುತ್ತಾರೆ, ನಮ್ಮ ಜ್ಞಾನ ಎಂಬ ಮಾತೇ ಅದು. ಅದರಲ್ಲಿ ಸ್ವಾಮಿ, ಹರಿ ಎಂಬ ಹೆಸರೂ ಬರುತ್ತದಂತೆ. ಭಾಭಿ ಮುಸ್ಸಂಜೆ ಮೆಟ್ಟಿಲಿಳಿಯುತ್ತ ಗುನುಗುತ್ತಿದ್ದುದು ಅದೇ ಇರಬೇಕು. ನಾನು ಸಿನಿಮಾ ಹಾಡು ಎಂದುಕೊಂಡಿದ್ದೆ.

ಯಾರಾದರೂ ಕೇಳಬಹುದು: ಆಟ ಆಟವೇ, ನಮ್ಮ ಬಯಲಾಟದಲ್ಲಿ ರಾಕ್ಷಸನಿಗೆ ಬಣ್ಣ ಬಳಿಯುವುದಿಲ್ಲವೇ? ಬಳಿಯುತ್ತೇವೆ. ಬಣ್ಣದ ವೇಷ ಅಬ್ಬರಿಸಿ ಬಂದಾಗ ನಾನೂ ಅಪ್ಪನ ಶಾಲಿನೊಳಗೆ ಸೇರಿಕೊಂಡವಳೇ. ಆದರೆ ರಾವಣನ ಮೊಮ್ಮಕ್ಕಳು ಯಾರ ಎದುರು ಬಾಗಿಲಲ್ಲೂ ಇಲ್ಲ. ಅವನ ಹೆಸರಿನಲ್ಲಿ ಎಷ್ಟು ಆರ್ಭಟಿಸಿದರೂ ಬೆಳಿಗ್ಗೆ ಶಾಲೆಗೆ ಹೋದ ಮಗುವೊಂದು ಅಳುತ್ತ ಬರುವುದಿಲ್ಲ. ಈ ಪಂಥದವರು ಇದ್ದಾರೆ. ಮಿಕ್ಸಿ ಎರವಲು ಕೊಡುತ್ತ ಇದ್ದಾರೆ.

ಇಷ್ಟೆಲ್ಲ ತಿಳಿದ ಮೇಲೆ ಫೋನ್ ಮಾಡುವುದು ಇನ್ನೂ ಕಷ್ಟವಾಯಿತು. ನಾಲ್ಕನೇ ದಿನ ಬೆಳಿಗ್ಗೆ ನಮ್ಮ ಕಡೆಯವರು ಮಾಡುವುದನ್ನೇ ಮಾಡಿದೆ. ಅರಿಸಿನ ನೀರಿನಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ನಾಣ್ಯ ಕಟ್ಟಿ, ಕೊಲ್ಲೂರಿಗೆ ತಪ್ಪುಕಾಣಿಕೆ ಎಂದು ದೇವರ ಮುಂದೆ ಇಟ್ಟು ಕೈ ಮುಗಿದೆ. ತಿಳಿದೋ ತಿಳಿಯದೆಯೋ ತಪ್ಪಿದರೆ ಹಾಗೆ ಕಟ್ಟಿಡುವುದು, ಅನುಕೂಲವಾದಾಗ ಹೋಗಿ ಹುಂಡಿಗೆ ಹಾಕುವುದು. ಎದ್ದು ತಿರುಗುವಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಂಬತ್ತು ದಾಟಿದವರು, ಆದರೆ ಈ ಮನೆಯಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಗಂಟು ಕಟ್ಟುವುದು ಸಾಧ್ಯವಿಲ್ಲ.

‘ಎಂತ ತಪ್ಪ್ ಮಾಡ್ದೆ ಹೆಣೆ?’

ಹೇಳಿದೆ. ಕೋಟೆ, ಕತ್ತಿ ಎಲ್ಲ ಬಿಟ್ಟು, ಭಾಭಿಗೆ ಬೇಜಾರಾಗುವ ಮಾತು ಹೇಳಿದೆ ಎಂದಷ್ಟೇ.

‘ಅವ್ರಿಗ್ ಹೇಳ್ದ್ಯಾ, ತಪ್ಪಾಯ್ತ್ ಅಂದೇಳಿ?’

‘ಇಲ್ಲೆ ಅತ್ತೆ. ಹೆದ್ರಿಕಿ ಆತ್. ಅದ್ಕೇ ಅಮ್ಮಂಗೆ ಕಟ್ಟಿಟ್ಟೆ.’

‘ಅಮ್ಮ ಎಂತ ಪೋಸ್ಟ್‌ಮ್ಯಾನಾ, ನಿನ್ ಕಾಗ್ದ ಅವ್ರಿಗ್ ಮುಟ್ಸುಕೆ? ಬೈದದ್ ಅವ್ರಿಗೆ, ಕಾಣ್ಕಿ ಇವ್ಳಿಗೆ. ಮೊದ್ಲ್ ಅಲ್ಲಿಗ್ ಹೋಯ್ಕ್, ಕಡೀಗ್ ಇಲ್ಲಿಗ್ ಬರ್ಕ್.’

ಅತ್ತೆ ಶಾಸ್ತ್ರ ಓದಿದವರಲ್ಲ. ಆದರೆ ಹೇಳಿದ್ದು ಶಾಸ್ತ್ರವೇ. ದೇವರ ಹತ್ತಿರ ಕ್ಷಮೆ ಕೇಳುವುದು ಸುಲಭ ಎಂದು ನಾನು ಅಲ್ಲಿಗೆ ಮೊದಲು ಓಡಿದ್ದೆ. ದೇವರು ಫೋನ್ ಎತ್ತಿ ‘ಏನು’ ಎಂದು ಕೇಳುವುದಿಲ್ಲವಲ್ಲ.

ಅಲ್ಲೇ ಚಾವಡಿಯಲ್ಲಿ ನಿಂತು ಭಾಭಿಗೆ ಫೋನ್ ಹಚ್ಚಿದೆ. ನಾಲ್ಕು ಸಲ ರಿಂಗಾಯಿತು. ಎತ್ತಿದರು. ನಾನೇ ಶುರು ಮಾಡಿದೆ. ‘ಭಾಭಿ, ತಪ್ಪು ಮಾತು ಹೇಳಿದೆ. ನಗಿಸಲು ಹೇಳಿದ್ದು, ಆದರೆ ತಪ್ಪೇ.’

‘ಸಿಟ್ಟು ಬಂದಿತ್ತು, ಸುಮತಿಬೇನ್’ ಎಂದರು. ಅವರ ಹಿಂದಿಯನ್ನು ನಾನು ಕನ್ನಡದಲ್ಲಿ ಬಡಿಸುತ್ತಿದ್ದೇನೆ. ‘ಅದರ ಹಿಂದಿನ ವಾರವೇ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ಯಾರೋ ಅದೇ ಆಟ ತೋರಿಸಿ ಅದೇ ಮಾತು ಹೇಳಿದ್ದರು. ಅಳುತ್ತ ಬಂದಿತ್ತು. ಅದನ್ನು ಸಮಾಧಾನ ಮಾಡಿ ಮುಗಿಯುವಷ್ಟರಲ್ಲಿ ನಿನ್ನ ಧ್ವನಿ ಬಂತು.’

‘ಅಯ್ಯೋ, ಆ ಮಗುವಿಗಾ’ ಎಂದೆ. ಭಾಭಿ ನಿಲ್ಲಿಸಲಿಲ್ಲ.

‘ಆಮೇಲೆ ಕೂತು ಯೋಚಿಸಿದೆ. ಕೊಲೆಗಾರರು ಎಂದದ್ದಕ್ಕಿಂತ ಹೆಚ್ಚು ಬೇಜಾರಾದದ್ದು ಬೇರೆ. ಹನ್ನೊಂದು ವರ್ಷ ಪ್ರತಿ ಸಂಜೆ ನಾನು ತಟ್ಟೆ ಹಿಡಿದು ಹೋಗುವುದನ್ನು ನೀನು ನೋಡಿದೆ. ಎಲ್ಲಿಗೆ, ಏನು ಹಾಡುತ್ತೀರಿ, ಯಾರ ಹೆಸರು ಹೇಳುತ್ತೀರಿ ಎಂದು ಒಂದು ದಿನವೂ ಕೇಳಲಿಲ್ಲ. ಈಗ ಒಂದು ಆಟ ಹೇಳಿತೆಂದು ನನ್ನ ಕುಲ ನಿನಗೆ ಗೊತ್ತಾಯಿತಾ?’

ಕೇಳದೇ ಇರುವುದೇ ಮರ್ಯಾದೆ ಎಂದು ನಾನು ತಿಳಿದಿದ್ದೆ. ನಮ್ಮಲ್ಲಿ ಒಬ್ಬರು ಹೊತ್ತ ಹರಕೆಯನ್ನು ಇನ್ನೊಬ್ಬರು ಕೇಳುವುದಿಲ್ಲ. ಹಾಗೆಂದು ಹೇಳಿದೆ. ಹೇಳುತ್ತಿರುವಾಗಲೇ ಅದು ಅರ್ಧ ಸತ್ಯವೆಂದು ನನಗೇ ಗೊತ್ತಾಯಿತು. ಉಳಿದರ್ಧ ಸೋಮಾರಿತನ. ಪಂಚಕಜ್ಜಾಯ ಕೊಟ್ಟು, ಮುಠಿಯಾ ತಿಂದು, ಅಷ್ಟರಲ್ಲೇ ಒಬ್ಬರನ್ನೊಬ್ಬರು ಬಲ್ಲೆವು ಎಂದು ಕುಳಿತಿದ್ದೆ.

‘ಈಗ ಕೇಳಲಾ ಭಾಭಿ? ಏನು ಹಾಡುತ್ತಿದ್ದಿರಿ?’

ಅವರು ಮೆಲ್ಲನೆ ಎರಡು ಸಾಲು ಹಾಡಿದರು. ವಯಸ್ಸಿಗೆ ಸ್ವರ ಸ್ವಲ್ಪ ಒಡೆದಿತ್ತು. ಗುಜರಾತಿಯ ನಡುವೆ ಸ್ವಾಮಿ ಎಂಬ ಮಾತು ಬಂತು. ಕೋಟೆಯ ಬಗ್ಗೆಯೂ ಕೇಳಿದೆ. ‘ನನಗೆಲ್ಲಿ ಗೊತ್ತು’ ಎಂದರು. ‘ನಮ್ಮದೊಂದು ಬೆಟ್ಟವಿತ್ತು, ಹೋಯಿತು ಎಂದು ಅಪ್ಪ ಹೇಳುತ್ತಿದ್ದರು. ಕತ್ತಿಯ ಕಥೆ ಹೇಳಲಿಲ್ಲ. ಬೆಳಗಾಗುವ ಮೊದಲು ಎದ್ದು ಹೆಸರು ಹೇಳು, ಬಂದವರಿಗೆ ತಿನ್ನಲು ಕೊಡು ಎಂದಷ್ಟೇ ಹೇಳಿಕೊಟ್ಟರು. ಉಳಿದದ್ದನ್ನು ನಿನ್ನ ಮಗಳೇ ನನಗೆ ಹೇಳಲಿ.’ ಸ್ವರ ಸಡಿಲವಾಗಿತ್ತು. ‘ಈಗ ನಾನೊಂದು ಕೇಳಲಾ? ಬಹಳ ವರ್ಷದಿಂದ ಇದೆ. ನೀನು ಬೇಜಾರು ಮಾಡಿಕೊಳ್ಳುತ್ತೀ ಎಂದು ಕೇಳಲಿಲ್ಲ.’

‘ಕೇಳಿ.’

‘ನಿಮ್ಮ ಊರಿನ ದೈವ, ಮುಖಕ್ಕೆ ಬಣ್ಣ ಹಚ್ಚಿ ಕೂಗುತ್ತದಲ್ಲ, ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿ ಹೆದರಿತು. ಅಷ್ಟು ಸಿಟ್ಟು ಅದಕ್ಕೆ ಯಾರ ಮೇಲೆ?’

ಬಾಯಿ ತೆರೆದೆ. ಹುಟ್ಟಿದಾಗಿನಿಂದ ದೈವದ ಕೋಲಕ್ಕೆ ಹೋಗಿದ್ದೇನೆ, ಕೈ ಮುಗಿದಿದ್ದೇನೆ, ಪ್ರಸಾದ ತಂದಿದ್ದೇನೆ. ಯಾರ ಮೇಲೆ ಸಿಟ್ಟು? ದುಷ್ಟರ ಮೇಲೆ ಎಂದು ನಾಲಿಗೆಯ ತುದಿಗೆ ಬಂತು. ಅದು ಆಟದವರು ಹೇಳುವಂಥ ಉತ್ತರ. ಭಾಭಿಗೆ ಒಂದು ನಿಮಿಷ ಎಂದು ಹೇಳಿ, ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆಯನ್ನು ಕೇಳಿದೆ. ಅತ್ತೆ ಎಲೆ ಮಡಚುವುದನ್ನು ನಿಲ್ಲಿಸಿದರು.

‘ಸಿಟ್ಟಾ? ಸಿಟ್ಟಲ್ಲ ಹೆಣೆ ಅದ್. ಮೆಲ್ಲ ಹೇಳ್ರೆ ನಾವ್ ಕೇಂತಿಲ್ಲೆ, ಅದ್ಕೆ ಜೋರ್ ಹೇಳೂದ್.’

ಹಾಗೆಯೇ ಭಾಭಿಗೆ ಹೇಳಿದೆ. ಆಚೆಯಿಂದ ನಗು ಬಂತು.

‘ಹಾಗಾದರೆ ನಾನು ನಾಲ್ಕು ದಿನ ಸುಮ್ಮನಿದ್ದದ್ದು ತಪ್ಪು. ಕೂಗಬೇಕಿತ್ತು.’

‘ಹೊತ್ತು ಮೀರಿಲ್ಲ ಭಾಭಿ, ಕೂಗಿ’ ಎಂದೆ.

ಅವರು ಕೂಗಿದರು. ಹಿಂದಿಯಲ್ಲಿ ಶುರುವಾದದ್ದು ನಡುವೆ ಗುಜರಾತಿಗೆ ಇಳಿಯಿತು, ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. ತಿಳಿಯದ ಕಡೆಯೆಲ್ಲ ಅವರನ್ನು ತಡೆದು, ಹಾಗೆಂದರೆ ಏನು ಭಾಭಿ ಎಂದು ಕೇಳಿದೆ.